ಉತ್ತರಭಾಗದ ಉಪದ್ರವ

ಹಬ್ಬದ ಹೋಳಿಗೆ ವರ್ಷವರ್ಷವೂ ಅದೇ ಹೋಳಿಗೆ. ಕಳೆದ ವರ್ಷ ರುಚಿಯಾಗಿತ್ತೆಂದು ಈ ವರ್ಷ ಯಾರೂ ‘ಹೋಳಿಗೆ, ಎರಡನೆಯ ಭಾಗ’ ಬೇಕೆಂದು ಕೇಳಿದ್ದನ್ನು ನಾನು ಕಾಣೆ. ಹಬ್ಬದ ನಗೆಯೂ ಹಾಗೆಯೇ. ಒಮ್ಮೆ ಹದವಾಗಿ ಬಂದದ್ದನ್ನು ನೂರು ಸಲ ಬಡಿಸಬಹುದು. ಈ ಸರಳ ಸಂಗತಿ ಟೆಲಿವಿಷನ್ ಉದ್ಯಮದವರಿಗೆ ಏಕೆ ತಿಳಿಯದೆಂಬುದೇ ನನ್ನ ತಕರಾರು.

ಅಮೆರಿಕೆಯ ನಿದರ್ಶನವನ್ನು ನೋಡಿ. 1990ರಲ್ಲಿ ‘ಹೋಮ್ ಅಲೋನ್’ ಚಿತ್ರ ಬಂತು. ಕ್ರಿಸ್‌ಮಸ್ ರಜೆಗೆ ಪ್ಯಾರಿಸಿಗೆ ಹೊರಟ ಗಡಿಬಿಡಿಯಲ್ಲಿ ಮನೆಮಂದಿ ಎಂಟು ವರ್ಷದ ಹುಡುಗನನ್ನು ಮರೆತು ಹೋಗುತ್ತಾರೆ. ಅವನೋ ಇಬ್ಬರು ಕಳ್ಳರನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತಾನೆ. ಅಷ್ಟು ನಕ್ಕವರ ಕಣ್ಣು, ತಾಯಿ ಮರಳಿ ಬಂದಾಗ ಒದ್ದೆಯಾಗುತ್ತದೆ. 1992ರ ಎರಡನೆಯ ಚಿತ್ರದಲ್ಲಿ ನಿರ್ದೇಶಕರೂ ಅವರೇ, ಹುಡುಗನೂ ಅವನೇ, ಅದನ್ನು ಕ್ಷಮಿಸೋಣ. ಆದರೆ 2002ರಲ್ಲಿ ಎಬಿಸಿ ವಾಹಿನಿ ಟೆಲಿವಿಷನ್ನಿಗೆಂದೇ ನಾಲ್ಕನೆಯದನ್ನು ಬಿತ್ತರಿಸಿತು. ಹುಡುಗನ ಹೆಸರು ಮಾತ್ರ ಹಳೆಯದು, ಹುಡುಗ ಬೇರೆ, ತಂದೆತಾಯಿಗಳ ಪಾತ್ರಧಾರಿಗಳು ಬೇರೆ. ಆ ತಂದೆತಾಯಿಗಳಾದರೂ ಈಗ ಅಗಲಿದ್ದಾರೆ. ಹುಡುಗ ಹೋಗಿ ಇಳಿದ ಮನೆಯಲ್ಲಿ ಬಟ್ಲರನೂ ಇದ್ದಾನೆ, ಕೆಲಸದವಳೂ ಇದ್ದಾಳೆ. ಇನ್ನು ಒಂಟಿತನವೆಲ್ಲಿ? ಶೀರ್ಷಿಕೆಯೇ ಸುಳ್ಳಾಯಿತು!

ಮರುವರ್ಷ ಎನ್‌ಬಿಸಿಯವರ ಸರದಿ. 1989ರ ‘ಕ್ರಿಸ್‌ಮಸ್ ವೆಕೇಶನ್’ ಚಿತ್ರದ ಜೀವ, ಹಬ್ಬವನ್ನು ಹೇಗಾದರೂ ಚೆನ್ನಾಗಿ ಮಾಡಲೇಬೇಕೆಂದು ಹೆಣಗುವ ಗೃಹಸ್ಥ. ಅವನನ್ನೇ ಬಿಟ್ಟು, ಕರೆಯದೆ ಬಂದು ಕುಳಿತಿದ್ದ ನೆಂಟನನ್ನು ಹಿಡಿದು 2003ರಲ್ಲಿ ಎರಡನೆಯ ಭಾಗ ಮಾಡಿದರು. ಯಜಮಾನನಿಲ್ಲದ ಮನೆಯಲ್ಲಿ ನೆಂಟನಿಗೇನು ಕೆಲಸ, ಹೇಳಿ! ಅವನು ನಗೆಯೆನಿಸಿದ್ದು ಯಜಮಾನನ ಸಂಕಟದಿಂದ. ಅದು ಹೋದ ಮೇಲೆ ಉಳಿದದ್ದು ಬರಿಯ ಪೆದ್ದುತನ.

ಇದರ ಮರ್ಮ ದೊಡ್ಡದೇನಲ್ಲ. ಜನರಿಗೆ ಹೆಸರು ಗೊತ್ತಿದೆ; ಆದ್ದರಿಂದ ಪ್ರಚಾರ ಅರ್ಧ ಮುಗಿದಂತೆ. ಜಾಹೀರಾತುದಾರರು ಒಪ್ಪುತ್ತಾರೆ. ಥಿಯೇಟರಿಗಾದರೋ ಜನ ಟಿಕೆಟ್ ಕೊಂಡು ಬರಬೇಕು. ಮನೆಯ ಪೆಟ್ಟಿಗೆಗೆ ಆ ಭಯವಿಲ್ಲ. ಹಬ್ಬದ ದಿನ ಅದು ಹೇಗೂ ಹಚ್ಚಿಯೇ ಇರುತ್ತದೆ.

ಆಳಂದ, ಅಫಜಲಪುರ, ಜೇವರ್ಗಿಗಳ ನಮಗೆ ಇದರ ಗೊಡವೆಯೇಕೆಂದು ವಾಚಕರು ಕೇಳಬಹುದು. ನಮ್ಮ ಕಡೆ ರಜೆಯೆಂದರೆ ಜಾತ್ರೆ, ಉರುಸು. ಗಾಣಗಾಪುರದ ದತ್ತನಿಗೆ ಹೋದರೂ, ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಹೋದರೂ ಮನೆಮಂದಿಯೆಲ್ಲ ಕೂಡಿಯೇ ಹೋಗುವುದು. ಕಲಬುರ್ಗಿಯ ಶರಣಬಸವೇಶ್ವರ ಜಾತ್ರೆಯೆಂದರೆ ಕಂಪನಿ ನಾಟಕ ನೆನಪಾಗಬೇಕು. ಜೇವರ್ಗಿ ರಾಜಣ್ಣನವರ ‘ಕುಂಟಕೋಣ ಮೂಕಜಾಣ’ವನ್ನು ಕಂಪನಿಗಳು ಊರೂರಿಗೆ ಒಯ್ದವು. ಆ ರಂಗ ಉತ್ತರಭಾಗವನ್ನು ನೆಚ್ಚಿ ಬದುಕಿದ್ದಲ್ಲ. ಅದೇ ನಾಟಕ, ಆದರೆ ಆಯಾ ಊರಿನ ಮಾತು, ಆಯಾ ದಿನದ ಸುದ್ದಿ. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ವನ್ನು ಸಾವಿರಾರು ಸಲ ಆಡಿದರು, ಅಂದಂದಿನ ಮಂತ್ರಿಗಳೇ ಅದಕ್ಕೆ ಹೊಸ ಸರಕು ಒದಗಿಸಿದರು! ಕಂಪನಿ ಹೆಸರನ್ನು ಉಳಿಸಿಕೊಂಡು ಜೀವವನ್ನು ಹೊಸತಾಗಿಸುತ್ತದೆ; ಟೆಲಿವಿಷನ್ ಹೆಸರನ್ನು ಉಳಿಸಿಕೊಂಡು ಜೀವವನ್ನು ಕಳೆಯುತ್ತದೆ.

ಟೆಲಿವಿಷನ್ ಬಂದ ಮೇಲೆ ಕಂಪನಿಗಳ ಡೇರೆಗಳು ಕಡಮೆಯಾದವು. ಉಳಿದವುಗಳಲ್ಲಿ ಕೆಲವು ಪ್ರೇಕ್ಷಕರನ್ನು ಹಿಡಿದಿಡಲು ದ್ವಂದ್ವಾರ್ಥದ ಮಾತಿಗೆ ಇಳಿದವು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಂಥದೊಂದು ರಂಗವನ್ನು ಸೊರಗಿಸಿ ಅದರ ಜಾಗದಲ್ಲಿ ಕುಳಿತ ವಸ್ತು ನಮಗೆ ಕೊಡುವುದೇನು? ಅಲ್ಲಿ ಪಾತ್ರಧಾರಿ ಅಫಜಲಪುರದ ಹೆಸರೆತ್ತಿದರೆ ಅಫಜಲಪುರದವರು ನಗುತ್ತಿದ್ದರು. ಇಲ್ಲಿ ಯಾವ ಊರೂ ಇಲ್ಲ. ನಮ್ಮ ಕಲಬುರ್ಗಿ ಮಾತು ಕೇಳಿಬಂದರೂ ಬಹುಮಟ್ಟಿಗೆ ಪೆದ್ದನ ಬಾಯಲ್ಲಿಯೇ.

‘ಹಾಗಾದರೆ ಗೆದ್ದ ಚಿತ್ರದ ಬೆನ್ನಿಗೆ ಇನ್ನೊಂದನ್ನು ಮಾಡಲೇಬಾರದೇ?’ ಎಂದರೆ, ಮಾಡಲಿ; ಫಣಿ ರಾಮಚಂದ್ರರಂತೆ ಮಾಡಲಿ. 1990ರಲ್ಲಿ ಅವರ ‘ಗಣೇಶನ ಮದುವೆ’ ಗೆದ್ದಿತು. 1991ರಲ್ಲಿ ಅನಂತನಾಗರನ್ನೇ ಇಟ್ಟುಕೊಂಡು ‘ಗೌರಿ ಗಣೇಶ’ ಮಾಡಿದರು. ಹಳೆಯ ವಠಾರವನ್ನೇ ಮತ್ತೆ ಕೆದಕಲಿಲ್ಲ. ಲಂಬೋದರನೆಂಬ ಹೊಸ ಮನುಷ್ಯನನ್ನು ತಂದರು, ಹೊಸ ಕಥೆ ಹೇಳಿದರು. ಗಣೇಶನ ಹೆಸರಷ್ಟೇ ಸಾಲ, ಬಂಡವಾಳ ಸ್ವಂತದ್ದು. ಎರಡಕ್ಕೂ ಜನ ಈಗಲೂ ನಗುತ್ತಾರೆ.

ವಾಹಿನಿಯವರಲ್ಲಿ ನನ್ನ ಬೇಡಿಕೆ ಇಷ್ಟೇ: ಹಬ್ಬದ ದಿನ ಹಳೆಯದನ್ನೇ ಹಾಕಿ, ನಮಗೇನೂ ಬೇಸರವಿಲ್ಲ. ಹೊಸದು ಮಾಡುವ ಹುಮ್ಮಸ್ಸಿದ್ದರೆ ಒಬ್ಬ ಲೇಖಕನಿಗೆ ಹಣ ಕೊಟ್ಟು ಹೊಸ ಕಥೆ ಬರೆಸಿ. ಅದರಲ್ಲಿ ಒಂದು ಊರಿರಲಿ, ಆ ಊರಿನ ಮಾತಿರಲಿ. ಇವೆರಡೂ ಆಗದಿದ್ದರೆ ಆ ಹೊತ್ತು ಪೆಟ್ಟಿಗೆಯನ್ನು ಸುಮ್ಮನಿಡಿ. ಹಬ್ಬಕ್ಕೆ ಬಂದ ನೆಂಟರು ತಮ್ಮಷ್ಟಕ್ಕೆ ಮಾತಾಡಿಕೊಂಡು ನಕ್ಕಾರು.