ಗಾಜಿನೊಳಗಿನ ಕಡಲಿಗೆ ಬೇಸಗೆ ಬಂದಾಗ

ಕಲಬುರಗಿಯ ಸಹೋದರಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಮಕ್ಕಳ ಹಟಕ್ಕೆ ಮಣಿದು ಅವರ ಮನೆಗೆ 40 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಬಂದಿದೆ; ಅದರಲ್ಲಿ ಕಿತ್ತಳೆ ಬಣ್ಣದ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಎರಡು ಕ್ಲೌನ್ ಮೀನುಗಳಿವೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನೀರಿನ ಉಷ್ಣಾಂಶ 31 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಏದುತ್ತಿದ್ದವು. ನೆರೆಯವರು ಮಂಜುಗಡ್ಡೆ ಹಾಕಿರೆಂದರು. ಹಾಕಬಹುದೇ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆ ಇನ್ನೂ ಹಲವು ಮನೆಗಳದ್ದಾಗಿರಬಹುದಾದ ಕಾರಣ ಈ ಸಂಚಿಕೆಯಲ್ಲಿ ಅದನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಮೊದಲು ಮೀನಿನ ಸ್ವಭಾವವನ್ನು ಅರಿಯಬೇಕು. ಬೇಸಗೆಯಿರಲಿ ಚಳಿಗಾಲವಿರಲಿ, ನಮ್ಮ ಮೈಯ ಶಾಖ ಹೆಚ್ಚು ಕಡಿಮೆಯಾಗದು. ಈ ಪುಟ್ಟ ಮೀನಿಗೆ ಆ ಅನುಕೂಲವಿಲ್ಲ. ನೀರು ಎಷ್ಟು ಬೆಚ್ಚಗೋ ಅದರ ಮೈಯೂ ಅಷ್ಟೇ ಬೆಚ್ಚಗೆ. ನೀರು ಕಾದಂತೆ ಅದರ ದೇಹದ ವ್ಯಾಪಾರಗಳೆಲ್ಲ ಚುರುಕಾಗಿ ಆಮ್ಲಜನಕದ ಅಗತ್ಯ ಏರುತ್ತದೆ. ಆದರೆ ಕಾದ ನೀರು ಹಿಡಿದಿಡುವ ಆಮ್ಲಜನಕವೇ ಕಡಿಮೆ. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 6.2ಕ್ಕೆ ಇಳಿಯುತ್ತದೆ. ಸಿಹಿನೀರಿಗೆ ಹೋಲಿಸಿದರೆ ಉಪ್ಪುನೀರು ಮೊದಲೇ ಐದನೆಯ ಒಂದು ಪಾಲಿನಷ್ಟು ಬಡವಾದುದು. ಬೇಡಿಕೆ ಹೆಚ್ಚಿ ಪೂರೈಕೆ ತಗ್ಗಿದಾಗ ಮೀನು ಮೇಲಕ್ಕೆ ಬಂದು ಏದುತ್ತದೆ. ಆದುದರಿಂದ ಅಂಥ ಹೊತ್ತಿನಲ್ಲಿ ಮಾಡತಕ್ಕ ಮೊದಲ ಕೆಲಸ ನೀರನ್ನು ತಣಿಸುವುದಲ್ಲ, ಅಲುಗಿಸುವುದು. ಪಂಪಿನ ಬಾಯಿಯನ್ನು ನೀರಿನ ಮೇಲ್ಮೈಯತ್ತ ತಿರುಗಿಸಿ ಅಲೆಯೆಬ್ಬಿಸಬೇಕು. ಗಾಳಿಯ ಪಂಪು ಇದ್ದರೆ ಅದನ್ನೂ ಹಚ್ಚಬೇಕು. ತಣಿಸುವ ಮಾತು ಆಮೇಲಿನದು.

ಇಂಥ ತೊಟ್ಟಿಗೆ 24ರಿಂದ 27 ಡಿಗ್ರಿಯವರೆಗಿನ ಉಷ್ಣಾಂಶ ಕ್ಷೇಮಕರ. ಅದಕ್ಕಿಂತಲೂ ಮುಖ್ಯವಾದುದು ಅದರ ಸ್ಥಿರತೆ. ಹವಳದ ದಿಬ್ಬಗಳ ಸುತ್ತ ಬಾಳುವ ಜೀವಿಗಳು ನಿಧಾನವಾಗಿ ಬದಲಾಗುವ ನೀರಿಗೆ ಒಗ್ಗಿಕೊಂಡಿವೆ. ಬೇಸಗೆಯ ವಾಡಿಕೆಯ ಗರಿಷ್ಠ ಮಟ್ಟಕ್ಕಿಂತ ಒಂದು ಡಿಗ್ರಿ ಮಾತ್ರ ಹೆಚ್ಚಿದ ಶಾಖ ಕೆಲವು ವಾರ ನಿಂತರೂ ಹವಳಗಳು ಬಣ್ಣಗೆಟ್ಟು ಬಿಳಿಚುತ್ತವೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಮಹಾಸಾಗರದ ನೀರಿನಲ್ಲಿಯೇ ಈ ಅನಾಹುತವಾಗುವಾಗ 40 ಲೀಟರಿನ ಪಾಡೇನು? ದೊಡ್ಡ ತೊಟ್ಟಿ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಸಣ್ಣ ತೊಟ್ಟಿಗೆ ಆ ತಾಳ್ಮೆಯಿಲ್ಲ. ಅದರ ಪರವಾಗಿ ತಾಳ್ಮೆ ವಹಿಸಬೇಕಾದವರು ಮನೆಯವರು.

ಇನ್ನು ತಣಿಸುವ ಬಗೆ. ನಮ್ಮ ಹಿರಿಯರು ಅರವಟ್ಟಿಗೆಯಲ್ಲಿ ಮಣ್ಣಿನ ಹರವಿಗಳನ್ನು ಇರಿಸುತ್ತಿದ್ದರಷ್ಟೆ. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಕೊಂಡೊಯ್ಯುತ್ತದೆ. ತೊಟ್ಟಿಯ ಮುಚ್ಚಳ ತೆಗೆದು, ನೀರಿನ ಮೇಲೆ ಹಾಯುವಂತೆ ಒಂದು ಚಿಕ್ಕ ಫ್ಯಾನು ಇರಿಸಿದರೆ ಆಗುವುದೂ ಇದೇ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ಹೊರಗಿನಿಂದ ಶಾಖವೇ ಬಾರದಿದ್ದಲ್ಲಿ ಅಷ್ಟರಿಂದಲೇ 40 ಲೀಟರ್ ನೀರು 14 ಡಿಗ್ರಿಯಷ್ಟು ತಣಿಯಬೇಕು. ಹೊರಗಿನ ಶಾಖ ಸದಾ ಬರುತ್ತಲೇ ಇರುವುದರಿಂದ ವ್ಯವಹಾರದಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮಗೆ ಬೇಕಾದುದೂ ಅಷ್ಟೇ. ಕಲಬುರಗಿ, ರಾಯಚೂರುಗಳ ಒಣಹವೆಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಮಂಗಳೂರು, ಕಾರವಾರಗಳಲ್ಲಿ ಗಾಳಿಯೇ ತೇವದಿಂದ ತುಂಬಿರುವ ಕಾರಣ ಅದರ ಫಲ ಅಲ್ಪ. ಅಲ್ಲಿ ಚಿಲ್ಲರ್ ಯಂತ್ರವೋ ಕೋಣೆಗೆ ಏ.ಸಿ.ಯೋ ಬೇಕಾದೀತು. ಮುಚ್ಚಳ ತೆಗೆದಾಗ ಮೀನು ಹೊರಕ್ಕೆ ನೆಗೆಯದಂತೆ ಸಣ್ಣ ಕಣ್ಣಿನ ಬಲೆ ಹೊದಿಸುವುದನ್ನು ಮರೆಯಬಾರದು.

ಇಲ್ಲಿ ಒಂದು ಎಚ್ಚರ ಅಗತ್ಯ. ಆವಿಯಾಗುವುದು ನೀರು ಮಾತ್ರ. ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಲೀಟರಿಗೆ 35 ಗ್ರಾಂ ಉಪ್ಪಿದ್ದ 40 ಲೀಟರಿನಲ್ಲಿ 4 ಲೀಟರ್ ಆರಿದರೆ ಲವಣಾಂಶ 39ರ ಸಮೀಪಕ್ಕೆ ಏರುತ್ತದೆ. ಆದಕಾರಣ ತೊಟ್ಟಿಯ ಗಾಜಿಗೆ ಒಂದು ಗುರುತು ಹಾಕಿ, ಇಳಿದಷ್ಟು ನೀರನ್ನು ದಿನದಿನವೂ ತುಂಬಬೇಕು. ತುಂಬುವ ನೀರು ಉಪ್ಪು ಬೆರೆಸಿದ್ದಾಗಿರಕೂಡದು, ಆರ್.ಓ. ಯಂತ್ರದ ಸಿಹಿನೀರಾಗಿರಬೇಕು.

ಮಂಜುಗಡ್ಡೆಯನ್ನು ನೇರವಾಗಿ ಹಾಕಕೂಡದು. ಅದು ಕರಗಿ ಲವಣಾಂಶವನ್ನು ಕೆಡಿಸುತ್ತದೆ. ನಲ್ಲಿಯ ನೀರಿನದಾದರೆ ಕ್ಲೋರಿನ್ನೂ ಸೇರುತ್ತದೆ. ತೀರ ಅನಿವಾರ್ಯವಾದಾಗ ಅರ್ಧ ಲೀಟರಿನ ಬಾಟಲಿಯಲ್ಲಿ ನೀರನ್ನು ಗಟ್ಟಿಯಾಗಿಸಿ, ಬಿರಡೆ ಬಿಗಿದು, ಹೊರಮೈ ತೊಳೆದು ತೇಲಿಬಿಡಬೇಕು. ಅಂಥ ಒಂದು ಬಾಟಲಿ ಪೂರ್ತಿ ಕರಗಿದಾಗ 40 ಲೀಟರ್ ನೀರನ್ನು ಒಂದು ಡಿಗ್ರಿಗಿಂತ ತುಸು ಹೆಚ್ಚು ಇಳಿಸಬಲ್ಲದು. ಗಂಟೆಗೆ ಒಂದು ಡಿಗ್ರಿಗಿಂತ ವೇಗವಾಗಿ ಇಳಿಸುವುದು ಸಲ್ಲದು. 31 ಡಿಗ್ರಿಯನ್ನು ತಾಳಿಕೊಂಡ ಮೀನು, ಅಲ್ಲಿಂದ 25ಕ್ಕೆ ಹಠಾತ್ತನೆ ಕುಸಿದರೆ ತಾಳದೆ ಹೋಗಬಹುದು.

ಶಾಖ ಒಳಬರುವ ದಾರಿಗಳನ್ನು ಮೊದಲೇ ಮುಚ್ಚುವುದು ಜಾಣತನ. ಪಡುವಣ ಗೋಡೆಯ ಬದಿ, ಬಿಸಿಲು ಬೀಳುವ ಕಿಟಕಿ, ಫ್ರಿಜ್ಜಿನ ಪಕ್ಕ ತೊಟ್ಟಿಗೆ ತಕ್ಕ ಎಡೆಗಳಲ್ಲ. ನೀರೊಳಗಿನ ಪಂಪು ಬಳಸುವ ವಿದ್ಯುತ್ತು ಕೊನೆಗೆ ಶಾಖವಾಗಿ ನೀರನ್ನೇ ಸೇರುವುದರಿಂದ ಅಗತ್ಯಕ್ಕಿಂತ ದೊಡ್ಡ ಪಂಪು ಬೇಡ. ಬಿರುಬೇಸಗೆಯಲ್ಲಿ ದೀಪವನ್ನು ಹಗಲಿನಲ್ಲಿ ಉರಿಸದೆ ಸಂಜೆಯ ಮೇಲೆ ಉರಿಸಬಹುದು.

ಚಳಿಗಾಲದ ಮಾತೂ ಉಂಟು. ಬೀದರ, ವಿಜಯಪುರಗಳ ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಬೇಕೇ ಬೇಕು. ಆದರೆ ದೊಡ್ಡದು ಮೇಲೆಂಬ ಭ್ರಮೆ ಬೇಡ. ಹೀಟರು ಕೆಟ್ಟು ಆರದೆ ಉರಿಯುತ್ತಲೇ ಉಳಿಯುವುದುಂಟು. ಹಾಗಾದಾಗ 50 ವ್ಯಾಟಿನದು ಈ ತೊಟ್ಟಿಯನ್ನು ಗಂಟೆಗೆ ಒಂದು ಡಿಗ್ರಿಯಷ್ಟು ಏರಿಸಿದರೆ, 300 ವ್ಯಾಟಿನದು ಆರು ಡಿಗ್ರಿಗೂ ಹೆಚ್ಚು ಏರಿಸುತ್ತದೆ. ಮೊದಲನೆಯದರಲ್ಲಿ ಎಚ್ಚೆತ್ತುಕೊಳ್ಳಲು ಕಾಲಾವಕಾಶವಿದೆ; ಎರಡನೆಯದರಲ್ಲಿ ಇಲ್ಲ.

ವಿದ್ಯುತ್ತು ಹೋದಾಗ ಇನ್ವರ್ಟರಿನ ಬಲವನ್ನು ಮೊದಲು ಪಂಪಿಗೆ, ಅನಂತರ ಫ್ಯಾನಿಗೆ ಕೊಡಬೇಕು; ದೀಪ ಆರಿದ್ದರೆ ನಷ್ಟವಿಲ್ಲ. ಇನ್ವರ್ಟರ್ ಇಲ್ಲದವರು ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದನ್ನು ಇರಿಸಿಕೊಳ್ಳುವುದು ಒಳಿತು.

ಕೊನೆಯದಾಗಿ ತಾಯಿತಂದೆಗಳಲ್ಲಿ ಒಂದು ಅರಿಕೆ. ನಮ್ಮಲ್ಲಿ ಮದುವೆ, ಜಾತ್ರೆ, ಮಕ್ಕಳ ರಜೆಗಳೆಲ್ಲ ಕೂಡಿಬರುವುದು ಬೇಸಗೆಯಲ್ಲಿಯೇ. ಮನೆಮಂದಿಯೆಲ್ಲ ಮೂರು ದಿನ ಬಾಗಿಲಿಗೆ ಬೀಗ ಹಾಕಿ ಹೊರಟರೆ, ಮುಚ್ಚಿದ ಕೋಣೆಯಲ್ಲಿ ಕಾಯುವ ಆ ನೀರನ್ನು ನೋಡುವವರಾರು? ನಂಬಿಕೆಯ ನೆರೆಯವರೊಬ್ಬರಿಗೆ ಥರ್ಮಾಮೀಟರ್ ಓದುವುದನ್ನೂ ಗುರುತಿನವರೆಗೆ ನೀರು ತುಂಬುವುದನ್ನೂ ಕಲಿಸಿ ಹೋಗಬೇಕು. ಉಳಿದ ದಿನಗಳಲ್ಲಿ ಬೆಳಗಿನ ಜಾವಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಉಷ್ಣಾಂಶವನ್ನು ನೋಡಿ ಪುಸ್ತಕದಲ್ಲಿ ಬರೆಯುವ ಹೊಣೆಯನ್ನು ಮಕ್ಕಳಿಗೇ ಒಪ್ಪಿಸಿರಿ. ಹಟ ಮಾಡಿ ಮೀನು ತರಿಸಿಕೊಂಡ ಮಗು ಒಂದು ತಿಂಗಳು ತಪ್ಪದೆ ಆ ಲೆಕ್ಕ ಬರೆದರೆ ಮೀನುಗಳು ಉಳಿದಾವು. ಅಷ್ಟು ನಿಗಾ ವಹಿಸಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲವೆಂದಾದರೆ, ಆ ತೊಟ್ಟಿಯನ್ನು ತಾರದಿರುವುದೇ ಮೀನಿಗೆ ನಾವು ಮಾಡುವ ಉಪಕಾರ.