ಕಾಸರಗೋಡು ನಮ್ಮದು, ಸರಿ. ಕಯ್ಯೂರು ಯಾರದು?

ಪ್ರತಿ ನವೆಂಬರ್‌ನಲ್ಲಿ ಮೆಲ್ಬರ್ನ್‌ನ ಬಾಕ್ಸ್ ಹಿಲ್ ಸುತ್ತಮುತ್ತ ಇರೋ ನಾವೊಂದಷ್ಟು ಕನ್ನಡಿಗರು ಹಾಲ್ ಹಿಡಿದು ರಾಜ್ಯೋತ್ಸವ ಮಾಡ್ತೀವಿ. ಬಿಸಿಬೇಳೆಬಾತ್ ಬಡಿಸೋ ಮುಂಚೆ ಯಾರಾದರೂ ಮೈಕ್ ಹಿಡಿದು ‘ಕಾಸರಗೋಡು ನಮ್ಮದು’ ಅಂತಾರೆ. ಚಪ್ಪಾಳೆ ಹೊಡೆಯೋರಲ್ಲಿ ನಾನೂ ಒಬ್ಬ.

ಹೋದ ವರ್ಷ ಅಲ್ಲಿಂದ ಮನೆಗೆ ಬಂದಾಗ ಪಕ್ಕದ ಮನೆ ಚೇಚಿ ಕೇಳಿದರು: “‘ಚಿರಸ್ಮರಣೆ’ ಬರೆದವರು ನಿಮ್ಮ ಭಾಷೆಯವರಲ್ವಾ?” ಅವರು ನೀಲೇಶ್ವರದ ಕಡೆಯವರು, ಮಲಯಾಳಂ ಅನುವಾದ ಓದಿದ್ದರು. ನಾನು ಕನ್ನಡದಲ್ಲೇ ಓದಿರಲಿಲ್ಲ.

ನಿರಂಜನ ಹುಟ್ಟಿದ್ದು 1924ರಲ್ಲಿ, ಓದಿದ್ದು ನೀಲೇಶ್ವರದ ಹೈಸ್ಕೂಲಿನಲ್ಲಿ. ಅಲ್ಲಿಗೆ ಹತ್ತಿರದ ಕಯ್ಯೂರಿನಲ್ಲಿ 1941ರ ಮಾರ್ಚ್‌ನಲ್ಲಿ ರೈತರ ಮೆರವಣಿಗೆಗೆ ಸಿಕ್ಕ ಪೊಲೀಸ್ ಪೇದೆಯೊಬ್ಬ ಹೊಳೆಗೆ ಹಾರಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿನಲ್ಲಿತ್ತು. ಆ ರೈತರ ಕತೆ ‘ಚಿರಸ್ಮರಣೆ’ ಬಂದದ್ದು 1955ರಲ್ಲಿ. ಮರುವರ್ಷ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ನಾವು ಹಬ್ಬ ಮಾಡೋದೂ ಅದೇ ದಿನ!

ನಕ್ಷೆಯಲ್ಲಿ ಕಳೆದುಕೊಂಡದ್ದನ್ನು ಲೆಕ್ಕ ಹಾಕ್ತೀವಿ. ಆ ನೆಲದಲ್ಲಿ ಗೇಣಿ ಕೊಟ್ಟು ಬಸವಳಿದವರು ಯಾರು, ಮಲಯಾಳಂ ಮಾತಾಡೋ ಆ ರೈತರ ಕತೆಯನ್ನ ಕನ್ನಡದವನೊಬ್ಬ ಯಾಕೆ ಬರೆದ? ಕೇಳೋದೇ ಇಲ್ಲ. ಮಲಯಾಳಿಗಳು ಅದನ್ನ ತಮ್ಮದೇ ಕಾದಂಬರಿ ಅನ್ನೋ ಹಾಗೆ ಓದಿದರು. ನಮಗೆ ಬೇಕಾದದ್ದು ಗಡಿ ಮಾತ್ರವಾ?

‘ಅದು ಪಕ್ಷದ ಪ್ರಚಾರ’ ಅನ್ನೋರಿದ್ದಾರೆ. ಅದರಲ್ಲಿ ಒಳ್ಳೆಯವರು ತೀರಾ ಒಳ್ಳೆಯವರಾಗಿದ್ದಾರೆ, ಒಪ್ಪಿದೆ. ಗೋರ್ಕಿಯ ‘ತಾಯಿ’ ಬಗ್ಗೆಯೂ ಇದೇ ದೂರು ಇತ್ತು. ಅವನ ಹೆಸರು ಹೇಳಿದರೆ ಇಲ್ಲಿನ ಸಾಹಿತ್ಯ ಗೋಷ್ಠಿಗಳಲ್ಲಿ ತಲೆದೂಗ್ತೀವಿ; ‘ತಾಯಿ’ಯನ್ನು ಕನ್ನಡಕ್ಕೆ ತಂದ ನಿರಂಜನರ ಹೆಸರು ಹೇಳಿದರೆ ‘ಯಾರು?’ ಅಂತೀವಿ. ಗೋರ್ಕಿ 1906ರಲ್ಲಿ ಆ ಕಾದಂಬರಿ ಬರೆಯುವಾಗ ಅಮೆರಿಕದಲ್ಲಿದ್ದ. ದೂರದಲ್ಲಿದ್ದೀವಿ ಅನ್ನೋದು ನಮಗೊಂದು ನೆಪ, ಅಷ್ಟೇ.

ನಾನು ಪುಸ್ತಕ ತರಿಸಿ ಓದಿದೆ. ಈ ಸಲ ಭಾಷಣ ಸಾಕು. ‘ಚಿರಸ್ಮರಣೆ’ಯ ಒಂದು ಅಧ್ಯಾಯವನ್ನ ಗಟ್ಟಿಯಾಗಿ ಓದೋಣ, ಮಕ್ಕಳನ್ನ ಮುಂದಿನ ಸಾಲಲ್ಲಿ ಕೂರಿಸೋಣ. ಚೇಚಿಯನ್ನ ನಾನು ಆಗಲೇ ಕರೆದಿದ್ದೀನಿ, ಬರ್ತಾರಂತೆ. ಅವರ ಎದುರಿಗೆ ‘ಕಾಸರಗೋಡು ನಮ್ಮದು’ ಅಂತ ಹೇಳೋರು ಆ ಪುಸ್ತಕ ಓದಿಕೊಂಡು ಬನ್ನಿ.