ಸೋತ ಕೈಗೊಂದು ಕಾಯಕ



ಚಳ್ಳಕೆರೆಯಿಂದ ವರವು ಕಾವಲಿನ ಕಡೆಗೆ ಹೋಗುವವರ ಕಣ್ಣಿಗೆ ಎರಡು ಕಾಲಗಳು ಒಟ್ಟಿಗೇ ಬೀಳುತ್ತವೆ. ಮೈಸೂರು ಅರಸರು ಅಮೃತಮಹಲ್ ದನಗಳ ಮೇವಿಗೆಂದು ಕಾಯ್ದಿರಿಸಿದ್ದ ಹುಲ್ಲುಗಾವಲು ಒಂದು. ಬೇಲಿಯ ಆಚೆಗೆ, 2017ರಲ್ಲಿ ಉದ್ಘಾಟನೆಗೊಂಡ, ಚಾಲಕರಿಲ್ಲದ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ಕ್ಷೇತ್ರ ಇನ್ನೊಂದು. ಈಚೆಗೆ ಕುರಿಮಂದೆ, ಕಂಬಳಿ ಮಗ್ಗ, ಶೇಂಗಾದ ಹೊಲ. ನನ್ನ ಅಕ್ಕನನ್ನು ಕೊಟ್ಟ ಊರು ಈ ಕಾವಲಿನ ಅಂಚಿನಲ್ಲಿದೆ. ಈ ತಿಂಗಳು ಆ ಮನೆಯ ವಿಚಾರವನ್ನೇ ಬರೆಯುತ್ತಿದ್ದೇನೆ. ಮನೆಯ ಮಾತನ್ನು ಪತ್ರಿಕೆಗೆ ತರುವುದು ಉಚಿತವೇ ಎಂದು ಅಕ್ಕನನ್ನೇ ಕೇಳಿದೆ. "ಬರಿಯಪ್ಪಾ, ಇನ್ನೊಬ್ರಿಗೆ ಆಗ್ತೈತೆ" ಎಂದಳು.

ಎರಡು ವರ್ಷದ ಹಿಂದೆ ಕಾರ್ತಿಕ ಮಾಸದ ಒಂದು ಬೆಳಗಿನ ಜಾವ ಆಕೆಗೆ ಪಾರ್ಶ್ವವಾಯು ಬಡಿಯಿತು. ಎಡಭಾಗ ಸೋತಿತು. ವೈದ್ಯರು ಪ್ರಾಣ ಉಳಿಸಿಕೊಟ್ಟರು; ಮಾತ್ರೆಗಳ ಚೀಟಿ ಬರೆದು ಮನೆಗೆ ಕಳುಹಿಸಿದರು. ಆಮೇಲಿನ ಸೇವೆಯಲ್ಲಿ ಆ ಮನೆಯವರು ಯಾವ ಕೊರತೆಯನ್ನೂ ಮಾಡಲಿಲ್ಲ. ಮೀಯಿಸುವವರೊಬ್ಬರು, ಉಣಿಸುವವರೊಬ್ಬರು, ಮಗ್ಗುಲು ಬದಲಿಸುವವರೊಬ್ಬರು. ನಾನೂ ಹೋದಾಗಲೆಲ್ಲ, "ಅಕ್ಕಾ, ದುಡಿದದ್ದು ಸಾಕು, ಸುಮ್ಮನೆ ಮಲಗಿರು" ಎಂದು ಹೇಳಿ ಬರುತ್ತಿದ್ದೆ. ಅದನ್ನು ದಯೆಯ ಮಾತೆಂದೇ ತಿಳಿದಿದ್ದೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಎಡಗೈಯ ಹೆಬ್ಬೆರಳು ಒಳಗೆ ಸಿಕ್ಕಿಕೊಂಡು ಮುಷ್ಟಿ ಬಿಗಿಯಿತು. ತಟ್ಟೆಯಲ್ಲಿ ಬಲಭಾಗದ ಅನ್ನವನ್ನಷ್ಟೇ ಉಂಡು ಎಡಭಾಗದ್ದನ್ನು ಹಾಗೆಯೇ ಬಿಡುತ್ತಿದ್ದಳು. ಎಡಗಡೆ ನಿಂತು ಮಾತನಾಡಿಸಿದರೆ ಕೇಳಿಸದವಳಂತೆ ಇರುತ್ತಿದ್ದಳು. ಹಸಿವಿಲ್ಲ, ವಯಸ್ಸಿನ ಮರೆವು ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟೆವು. ಸೊಸೆಯೊಬ್ಬಳು ಮಾತ್ರ ಒಪ್ಪಲಿಲ್ಲ. ಹಟ ಹಿಡಿದು ಬೆಂಗಳೂರಿನ ಒಂದು ಆಸ್ಪತ್ರೆಗೆ ಅತ್ತೆಯನ್ನು ಕರೆದೊಯ್ದಳು. ಅಲ್ಲಿ ಹನ್ನೊಂದು ದಿನ ಇದ್ದರು.

ಅಲ್ಲಿ ಅವರನ್ನು ನೋಡಿಕೊಂಡವರು 'ಆಕ್ಯುಪೇಷನಲ್ ಥೆರಪಿ' ಕಲಿತ ಒಬ್ಬ ತರುಣಿ. ನಮ್ಮ ಪತ್ರಿಕೆಗಳು ಇದನ್ನು ಔದ್ಯೋಗಿಕ ಚಿಕಿತ್ಸೆ ಎಂದು ಬರೆಯುತ್ತವೆ. ಈ ಅನುವಾದ ನನಗೆ ರುಚಿಸುವುದಿಲ್ಲ. ಉದ್ಯೋಗ ಎಂದೊಡನೆ ನಮ್ಮ ಜನಕ್ಕೆ ಸಂಬಳ ನೆನಪಾಗುತ್ತದೆ. ರೋಗಿಗೆ ನೌಕರಿ ಕೊಡಿಸುವ ವಿಭಾಗವೋ ಎಂದು ಕೇಳಿದವರೂ ಉಂಟು. ಮೀಯುವುದು, ಉಡುವುದು, ಉಣ್ಣುವುದು, ಪೂಜೆ, ಮನೆಗೆಲಸ, ಮಗ್ಗ, ಹೊಲ, ಹೀಗೆ ಮನುಷ್ಯನ ದಿನವನ್ನು ತುಂಬುವ ಸಮಸ್ತ ಕ್ರಿಯೆಗಳೂ ಆ ಶಾಸ್ತ್ರದ ವಿಷಯ. ಕಾಯಕ ಚಿಕಿತ್ಸೆ ಎಂದರೆ ನಮ್ಮವರಿಗೆ ಬೇಗ ತಿಳಿದೀತು. ಫಿಸಿಯೋಥೆರಪಿಯವರು ಮುಖ್ಯವಾಗಿ ಅಂಗದ ಬಲವನ್ನೂ ಚಲನೆಯನ್ನೂ ನೋಡುತ್ತಾರೆ. ಇವರು ಆ ಅಂಗದಿಂದ ಆಗಬೇಕಾದ ಕೆಲಸವನ್ನು ಹಿಡಿದು ಹೊರಡುತ್ತಾರೆ. ಎರಡೂ ಬೇಕು.

ಆ ತರುಣಿ ಮೊದಲ ದಿನ ಕೈಯನ್ನು ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿದರಂತೆ: "ಅಜ್ಜಿ, ನಿಮಗೆ ಯಾವ ಕೆಲಸ ಮತ್ತೆ ಮಾಡಬೇಕು ಅಂತ ಆಸೆ?" ನಡೆಯಬೇಕು ಎನ್ನುತ್ತಾಳೆಂದು ಸೊಸೆ ಕಾದಿದ್ದಳು. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, ಎದೆಯ ಮೇಲಿನ ಕರಡಿಗೆಯನ್ನು ಬಲಗೈಯಿಂದ ಹಿಡಿದು ಅತ್ತಳು.

ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟಲಿಂಗವನ್ನು ಇರಿಸಿಕೊಳ್ಳುವುದು ಎಡ ಅಂಗೈಯಲ್ಲಿ. ಎರಡು ತಿಂಗಳಿನಿಂದ ಆಕೆ ಕರಡಿಗೆ ತೆರೆದಿರಲಿಲ್ಲ. ಮುಷ್ಟಿಗಟ್ಟಿದ ಕೈಯಿಂದ ಲಿಂಗ ಜಾರಿ ಬಿದ್ದರೆ ಎಂಬ ಭಯ. ಲಿಂಗ ಬಿದ್ದರೆ ಪ್ರಾಣವನ್ನೇ ಬಿಡಬೇಕೆನ್ನುವ ಕಠಿಣ ನಿಷ್ಠೆಯ ಕಥೆಗಳನ್ನು ಬಾಲ್ಯದಲ್ಲಿ ಕೇಳಿ ಬೆಳೆದವಳು ಆಕೆ. ಇದನ್ನು ಮಗನಿಗೆ ಹೇಳಲಿಲ್ಲ, ಮಠದಲ್ಲಿ ಓದಿದ ತಮ್ಮನಿಗೂ ಹೇಳಲಿಲ್ಲ. ನಾನೂ ಕೇಳಿರಲಿಲ್ಲ.

ಚಿಕಿತ್ಸೆಗೆ ಗುರಿ ಸಿಕ್ಕಿತು. ಆ ತರುಣಿ ಬೇರೆ ಧರ್ಮದವರು. ಪೂಜೆಯ ಕ್ರಮವನ್ನು ಸೊಸೆಯಿಂದ ಕೇಳಿ ಹಾಳೆಯ ಮೇಲೆ ಒಂದೊಂದಾಗಿ ಬರೆದುಕೊಂಡರಂತೆ. ಕುಳಿತುಕೊಳ್ಳುವುದು, ಕರಡಿಗೆ ತೆರೆಯುವುದು, ವಸ್ತ್ರ ಬಿಡಿಸುವುದು, ಅಂಗೈ ಮೇಲ್ಮುಖವಾಗಿ ನಿಲ್ಲುವುದು, ಬಲಗೈಯಿಂದ ನೀರು, ವಿಭೂತಿ, ಪತ್ರೆ. ಇದರಲ್ಲಿ ಯಾವುದು ಈಗಲೇ ಆಗುತ್ತದೆ, ಯಾವುದು ಆಸರೆಯಿಂದ ಆದೀತು, ಯಾವುದು ಇನ್ನೂ ಆಗದು ಎಂದು ವಿಂಗಡಿಸಿದರು. ಒಂದು ಕೆಲಸವನ್ನು ಹೀಗೆ ಎಳೆಎಳೆಯಾಗಿ ಬಿಡಿಸುವುದೇ ಈ ವಿದ್ಯೆಯ ತಳಪಾಯ. ಐವತ್ತು ವರ್ಷ ಪೂಜೆ ಮಾಡಿದ ನನಗೆ ಅದರಲ್ಲಿ ಇಷ್ಟು ಸ್ನಾಯುಗಳ ಕೆಲಸವಿದೆ ಎಂಬುದು ಹೊಳೆದಿರಲಿಲ್ಲ.

ಕಲಿಕೆ ಅಕ್ಕನಿಗಿಂತ ಸೊಸೆಗೇ ಹೆಚ್ಚಾಯಿತು. ಎರಡನೆಯ ದಿನ ಆಕೆಯ ಎಡಗೈಯನ್ನು ಅವಳದೇ ಸೆರಗಿನಿಂದ ಕಟ್ಟಿಸಿ, ಕುಪ್ಪಸ ತೊಟ್ಟು ತಲೆ ಬಾಚಿಕೊಂಡು ಬಾ ಎಂದರಂತೆ. ಅರ್ಧ ಗಂಟೆ ಹಿಡಿಯಿತು. ನೋಡುತ್ತ ನಿಂತ ಬೇರೊಬ್ಬ ರೋಗಿಯ ತಂಗಿ ತಾಳಲಾರದೆ ನೆರವಿಗೆ ಬಂದಾಗ ತನಗೆ ಸಿಟ್ಟು ಬಂತು ಎಂದು ಸೊಸೆ ಹೇಳಿದಳು. "ಮಾವ, ಅತ್ತೆಗೂ ದಿನಾ ನಮ್ಮ ಮೇಲೆ ಇಂಥದೇ ಸಿಟ್ಟು ಬರ್ತಿತ್ತೇನೋ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಅವಳು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡದ್ದರಲ್ಲಿ ಕೆಲವು, ಮನೆಯಲ್ಲಿ ಇಂಥ ರೋಗಿಗಳಿರುವವರಿಗೆ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇನೆ. ಬಟ್ಟೆ ತೊಡಿಸುವಾಗ ಸೋತ ಕೈ ಮೊದಲು, ಕಳಚುವಾಗ ಅದೇ ಕೊನೆಗೆ. ಏಳಿಸುವಾಗ ಸೋತ ತೋಳನ್ನು ಹಿಡಿದು ಎಳೆಯಲೇಬಾರದು. ಭುಜದ ಕೀಲು ಸಡಿಲಿ, ಆಮೇಲಿನ ನೋವು ಕೈಯನ್ನು ಮುಟ್ಟಗೊಡುವುದಿಲ್ಲ. ಬಿಗಿದ ಮುಷ್ಟಿಯನ್ನು ಬೆರಳ ತುದಿ ಹಿಡಿದು ಬಿಡಿಸಬಾರದು. ಮಣಿಕಟ್ಟನ್ನು ಒಳಕ್ಕೆ ಬಾಗಿಸಿದರೆ ಬೆರಳುಗಳು ತಾವೇ ಸಡಿಲಾಗುತ್ತವೆ, ಆಗ ಹೆಬ್ಬೆರಳನ್ನು ಬುಡದಿಂದ ಹೊರಕ್ಕೆ ತಂದು ಉಳಿದವನ್ನು ಮೆಲ್ಲಗೆ ಬಿಡಿಸಬೇಕು. ಉಣ್ಣುವಾಗ ಬೆನ್ನು ನೆಟ್ಟಗೆ, ಗದ್ದ ತುಸು ಕೆಳಗೆ. ನಮ್ಮ ಸೀಮೆಯ ಊಟ ಮುದ್ದೆ. ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಪಾರ್ಶ್ವವಾಯುವಿನಲ್ಲಿ ನುಂಗುವ ಶಕ್ತಿಯೂ ಕುಂದಿರಬಹುದಾದ್ದರಿಂದ, ಅದನ್ನು ಪರೀಕ್ಷಿಸುವವರೆಗೆ ಮುದ್ದೆ ಕೊಡಕೂಡದೆಂದು ಕಟ್ಟುನಿಟ್ಟಾಗಿ ಹೇಳಿದರಂತೆ. ಉಣ್ಣುವಾಗ ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಬೇಕು.

ತಟ್ಟೆಯ ಎಡಭಾಗದ ಅನ್ನದ ಗುಟ್ಟೂ ಅಲ್ಲಿ ಬಯಲಾಯಿತು. ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಲೋಕ ಗಮನಕ್ಕೇ ಬಾರದೆ ಹೋಗುವುದುಂಟು. ತಟ್ಟೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಆ ಕೆಂಪು ಕಾಣುವ ತನಕ ತಲೆ ತಿರುಗಿಸುವ ಅಭ್ಯಾಸ ಮಾಡಿಸಿದರು. ಈಗ ಮನೆಯಲ್ಲಿ ವಿಭೂತಿಯ ಗಟ್ಟಿ, ನೀರಿನ ಚೊಂಬು ಎಲ್ಲವೂ ಎಡಗಡೆಗೇ. ಮೊಮ್ಮಗ ದಿನಕ್ಕೆ ಹತ್ತು ಸಲ "ಅಜ್ಜೀ, ಎಡಗೈ ಎಲ್ಲೈತೆ?" ಎಂದು ಕೇಳುವ ಆಟ ಹೂಡಿದ್ದಾನೆ. ಸೊಸೆಗೆ ಎಲ್ಲಕ್ಕಿಂತ ಕಷ್ಟವಾದದ್ದು ಕೈಕಟ್ಟಿ ನಿಲ್ಲುವುದು. ಕೆಲಸದ ಎಲ್ಲ ಹಂತಗಳನ್ನೂ ತಾನು ಮಾಡಿ, ಕೊನೆಯ ಒಂದನ್ನು ಮಾತ್ರ ರೋಗಿಗೆ ಬಿಡುವುದು. ಅದು ಬಂದ ಮೇಲೆ ಕೊನೆಯ ಎರಡು. ಸುತ್ತಲಿನವರು ಆಡಿಕೊಂಡರು: ಮುದುಕಿ ಒದ್ದಾಡುತ್ತಿದ್ದರೆ ಸೊಸೆ ನೋಡುತ್ತ ನಿಂತಿರುತ್ತಾಳೆ ಎಂದು.

ಈ ವಿದ್ಯೆಯ ಮೂಲವನ್ನು ಆಮೇಲೆ ಓದಿ ತಿಳಿದೆ. ಅಮೆರಿಕದ ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿ ಕ್ಷಯದಿಂದ ಬಳಲಿ, ಎಡಭಾಗ ಸ್ವಾಧೀನ ತಪ್ಪಿದ ಮೇಲೆ ಕೆಲಸದಿಂದಲೇ ತನ್ನನ್ನು ಚೇತರಿಸಿಕೊಂಡವನು. 1917ರಲ್ಲಿ ಅಲ್ಲಿ ಇದಕ್ಕಾಗಿ ಸಂಘ ಸ್ಥಾಪಿಸಿದವರಲ್ಲಿ ಒಬ್ಬ. ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಹುಟ್ಟಿದ್ದು ಅಮೆರಿಕದಲ್ಲಿ, ಎಲಿಜಬೆತ್ ಲಂಡಿಯಾಗಿ. ವಿಷ್ಣು ನಿಂಬ್ಕರ್ ಅವರನ್ನು ವರಿಸಿ ಇಲ್ಲಿಯವರೇ ಆದರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಅವರು ತೆರೆದ ಶಾಲೆಯೇ ಭಾರತದಲ್ಲಿ ಮೊದಲನೆಯದು. ಈಗ ನಮ್ಮ ಮಣಿಪಾಲದಲ್ಲಿ ಇದರ ಪದವಿ ಶಿಕ್ಷಣವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋರೋಗದಿಂದ ಚೇತರಿಸಿಕೊಳ್ಳುವವರಿಗೆ ಹೊಲಿಗೆ, ಬೇಕರಿ ಮೊದಲಾದ ಕೆಲಸಗಳನ್ನು ಕಲಿಸುವ ವಿಭಾಗಗಳಿವೆ. 2021ರ ಕೇಂದ್ರ ಕಾಯಿದೆ ಈ ವೃತ್ತಿಯನ್ನು ಆರೋಗ್ಯ ಸೇವೆಯ ವೃತ್ತಿಗಳಲ್ಲಿ ಸೇರಿಸಿದೆ. ಆದರೂ ನಮ್ಮ ಸಮಾಜದ ವಿದ್ಯಾರ್ಥಿನಿಲಯಗಳಲ್ಲಿ ಎಷ್ಟೋ ಮಕ್ಕಳನ್ನು ಮಾತನಾಡಿಸಿದ್ದೇನೆ. ಇಂಜಿನಿಯರಿಂಗ್, ವೈದ್ಯಕೀಯ ಎನ್ನುತ್ತಾರೆ, ಇದರ ಹೆಸರು ಹೇಳಿದ ಒಂದು ಮಗುವೂ ಸಿಕ್ಕಿಲ್ಲ. ಪೋಷಕರು ಇದನ್ನೂ ವಿಚಾರಿಸಿ ನೋಡಬೇಕೆಂದು ನನ್ನ ಕೋರಿಕೆ. ಹಳ್ಳಿಯವರಿಗೆ ಇನ್ನೊಂದು ಮಾತು: ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂದು ಇರುತ್ತಾರೆ. ಮಾಸಾಶನದ ಅರ್ಜಿಗಷ್ಟೇ ಅವರನ್ನು ಹುಡುಕದೆ, ಇಂಥ ಚಿಕಿತ್ಸೆ ಎಲ್ಲಿ ದೊರೆಯುತ್ತದೆಂದೂ ಕೇಳಿ.

ಅಕ್ಕನ ಬೀದಿಯಲ್ಲಿಯೇ ಕಂಬಳಿ ನೇಯುವ ಹಿರಿಯರೊಬ್ಬರಿದ್ದಾರೆ. ಅವರಿಗೂ ಇದೇ ರೋಗ ಬಂದು ಕಾಲು ಸೋತಿತ್ತು. ಕುಣಿಮಗ್ಗದಲ್ಲಿ ಕಾಲಿನದೇ ಅರ್ಧ ಕೆಲಸ. ಮಗ್ಗ ಹೋದರೆ ತಾನೇ ಹೋದೆ ಎಂದು ಗೋಡೆಗೆ ಮುಖಮಾಡಿ ಮಲಗಿದ್ದರು. ನಮ್ಮ ಸೊಸೆ ಹೋಗಿ ಮೊದಲು ಉಣ್ಣೆ ಹಿಂಜಲು ಕೂರಿಸಿದಳು, ಆಮೇಲೆ ಕಂಡಿಕೆ ಸುತ್ತಲು. ಈಗ ಮಗ ನೇಯುತ್ತಾನೆ, ತಂದೆ ಕಂಡಿಕೆ ಸುತ್ತಿ ಕೊಡುತ್ತ ಮಗನ ನೇಯ್ಗೆಯಲ್ಲಿ ತಪ್ಪು ಹುಡುಕುತ್ತಾರೆ. ಜಗಳ ಮರಳಿ ಬಂದದ್ದೇ ಮನೆಗೆ ಕಳೆ ಎಂದು ಅವರ ಹೆಂಡತಿ ನಗುತ್ತಾರೆ.

ಇನ್ನು ಲಿಂಗದ ವಿಚಾರ. ಅಂಗೈಗೆ ಮೊದಲು ನಿಂಬೆಹಣ್ಣು ಕೊಟ್ಟು ಅಭ್ಯಾಸ ಮಾಡಿಸಿದರು. ಮೊಣಕೈ ಕೆಳಗಿನ ಭಾಗ ಊರಿಕೊಳ್ಳಲು ಒಂದು ಮಣೆ, ಮಣಿಕಟ್ಟಿನ ಅಡಿಗೆ ಸುತ್ತಿದ ವಸ್ತ್ರ. ಐದು ತಿಂಗಳಿಗೆ ನಿಂಬೆಹಣ್ಣು ನಿಂತಿತು. ಆಗ ಬಂತು ಪ್ರಶ್ನೆ: ಮಣೆಯ ಆಸರೆಯಲ್ಲಿ ಲಿಂಗ ಹಿಡಿದರೆ ಅದು ಪೂಜೆಯೇ, ಬಿದ್ದರೆ ಗತಿಯೇನು? ನನಗೆ ಹೇಳಿ ಕಳುಹಿಸಿದರು. ಆಸರೆ ಕೈಗೆ, ಪೂಜೆ ಲಿಂಗಕ್ಕೆ. ಇದರಲ್ಲಿ ದೋಷವಿಲ್ಲ ಎಂದೆ. ಮಡಿಲಲ್ಲಿ ಶಲ್ಯವನ್ನು ನಾಲ್ಕು ಮಡಿಕೆ ಹಾಸಿದೆ. ಬಿದ್ದರೆ ಅಲ್ಲಿ ಬೀಳುತ್ತದೆ, ಎತ್ತಿಕೊಂಡು ಮತ್ತೆ ಇರಿಸಿಕೋ, ಪಾಪವಿದ್ದರೆ ನನ್ನ ತಲೆಗಿರಲಿ ಎಂದೆ. ಭಿನ್ನಾಭಿಪ್ರಾಯವುಳ್ಳ ಪಂಡಿತರು ಪತ್ರ ಬರೆಯಬಹುದು.

ಮೊದಲ ದಿನ ಒಂದು ಸಲ ಶಲ್ಯದ ಮೇಲೆ ಬಿತ್ತು. ಆಕೆ ನನ್ನ ಮುಖ ನೋಡಿದಳು, ಬಲಗೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡು ಮತ್ತೆ ಇರಿಸಿಕೊಂಡಳು. ಸೊಸೆ ಬಾಗಿಲಲ್ಲಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಆ ಕೈ ಇಂದಿಗೂ ಗುಂಡಿ ಹಾಕಲಾರದು. ಚಳಿಗಾಲದಲ್ಲಿ ಬಿಸಿನೀರಿನ ಕಾವು ಕೊಡದೆ ಬೆರಳು ಬಿಚ್ಚುವುದಿಲ್ಲ. ಕಳೆದ ಸೋಮವಾರ ನಾನು ಹೋದಾಗ ಪೂಜೆ ಮುಗಿಸಿಯೇ ಮಾತನಾಡಿಸಿದಳು. ಮಣೆ ಒಂದು ಬೆರಳು ಎತ್ತರವಾಯಿತಂತೆ. ತಗ್ಗಿಸಿ ಕೊಡಲು ಬಡಗಿಗೆ ಹೇಳಿದ್ದಾಳೆ.